ಬಂದೂಕಿಗಿಂತ ಮೊದಲು ಕುರ್ಚಿ: ಪ್ಯಾರಾ ಶೂಟಿಂಗ್ ಶುರು ಮಾಡುವವರಿಗೆ

ಮೂರು ತಿಂಗಳು ನನ್ನ ಪೆಲೆಟ್‌ಗಳು, ಅಂದರೆ ಏರ್ ರೈಫಲ್‌ನ ಪುಟ್ಟ ಗುಂಡುಗಳು, ಒಂದು ದಿನ ಎಡಕ್ಕೆ, ಇನ್ನೊಂದು ದಿನ ಬಲಕ್ಕೆ ಬೀಳುತ್ತಿದ್ದವು. ಗುರಿ ನೋಡುವ ಸೈಟ್ ತಿರುಗಿಸಿ ನೋಡಿದೆ. ಪೆಲೆಟ್ ಡಬ್ಬಿ ಬದಲಿಸಿದೆ. ಕ್ಲಬ್ಬಿನ ರೈಫಲ್ಲೇ ಸರಿಯಿಲ್ಲ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಒಂದು ಸಂಜೆ ಕೋಚ್ ಬಂದರು. ಟಾರ್ಗೆಟ್ ಕಡೆ ನೋಡಲೇ ಇಲ್ಲ. ನನ್ನ ಹಿಂದೆ ಕುಕ್ಕರಗಾಲಲ್ಲಿ ಕೂತು ವೀಲ್‌ಚೇರ್ ನೋಡಿದರು. ಸೀಟಿನ ಮೇಲಿದ್ದ ಗಾಳಿ ದಿಂಬನ್ನು ಬೆರಳಿನಿಂದ ಒತ್ತಿ, "ಏನಮ್ಮಾ, ಗಾಳಿ ಮೇಲೆ ಕೂತ್ಕೊಂಡು ಅರ್ಧ ಮಿಲಿಮೀಟರ್ ಚುಕ್ಕೆಗೆ ಗುರಿ ಇಡ್ತೀಯಾ?" ಅಂದರು.

ಅವರು ಹೇಳಿದ್ದು ಉತ್ಪ್ರೇಕ್ಷೆ ಅಲ್ಲ. 10 ಮೀಟರ್ ಏರ್ ರೈಫಲ್ ಟಾರ್ಗೆಟ್‌ನಲ್ಲಿ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್ ಅಷ್ಟೆ. ಬಾಲ್ ಪೆನ್ನಿನ ತುದಿ ಒಮ್ಮೆ ತಾಗಿಸಿದರೆ ಬೀಳುವಷ್ಟು. ನನ್ನ ದಿಂಬಿನೊಳಗೆ ಗಾಳಿ ಆ ಕಡೆ ಈ ಕಡೆ ಓಡಾಡಿದಾಗಲೆಲ್ಲ ಸೊಂಟ ಕದಲುತ್ತಿತ್ತು, ಸೊಂಟದ ಜೊತೆ ಭುಜ, ಭುಜದ ಜೊತೆ ರೈಫಲ್.

ಅವತ್ತಿನಿಂದ ಹೊಸದಾಗಿ ಬರುವವರಿಗೆಲ್ಲ ನಾನು ಹೇಳುವುದು ಒಂದೇ ಮಾತು. ಯಾವ ಬಂದೂಕು ತಗೊಳ್ಳಲಿ ಅಂತ ಆಮೇಲೆ ಕೇಳಿ. ಮೊದಲು ಹೇಗೆ ಕೂರುತ್ತೀರಿ, ಅಥವಾ ಹೇಗೆ ನಿಲ್ಲುತ್ತೀರಿ, ಅದನ್ನು ನೋಡೋಣ.

ನನ್ನ ವಯಸ್ಸಾಯ್ತು ಅನ್ನುವವರಿಗೆ

ಈ ಆಟಕ್ಕೆ ಚಿಕ್ಕಂದಿನಿಂದಲೇ ಬರಬೇಕು ಅಂತೇನಿಲ್ಲ. ಮೋನಾ ಅಗರ್ವಾಲ್ ಇಬ್ಬರು ಮಕ್ಕಳ ತಾಯಿ. ಬೇರೆ ಬೇರೆ ಪ್ಯಾರಾ ಆಟಗಳನ್ನು ಆಡಿ ನೋಡಿ, 2021ರ ಕೊನೆಯಲ್ಲಿ ರೈಫಲ್ ಹಿಡಿದರು. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ಕಂಚು ಗೆದ್ದರು. ಅದೇ ಸ್ಪರ್ಧೆಯ ಚಿನ್ನ ಅವನಿ ಲೇಖರಾ ಅವರದ್ದು, 249.7 ಅಂಕ. ಅವನಿ ಅವರಿಗೆ 2012ರ ಕಾರು ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿತ್ತು. ಶೂಟಿಂಗ್‌ಗೆ ಬಂದಿದ್ದು 2015ರಲ್ಲಿ. ಟೋಕಿಯೊ ಪ್ಯಾರಾಲಿಂಪಿಕ್ಸ್‌ನಲ್ಲಿ ಎರಡು ಪದಕ ಗೆದ್ದ ಸಿಂಗ್‌ರಾಜ್ ಅಧಾನಾ ಪಿಸ್ತೂಲು ಹಿಡಿದಾಗ ಮೂವತ್ತೈದರ ಆಸುಪಾಸಿನಲ್ಲಿದ್ದರು.

ನಮ್ಮವರೂ ಇದ್ದಾರೆ. ಹುಬ್ಬಳ್ಳಿಯ ಶ್ರೀಹರ್ಷ ದೇವರಡ್ಡಿ 2022ರಲ್ಲಿ ಫ್ರಾನ್ಸ್‌ನ ಶಾತೊರೂ ವಿಶ್ವಕಪ್‌ನಲ್ಲಿ ಚಿನ್ನ ಗೆದ್ದರು, ಪ್ಯಾರಿಸ್‌ಗೂ ಹೋಗಿ ಬಂದರು. ಅವರು ಎಸ್‌ಎಚ್2 ವಿಭಾಗದವರು. ಅಂದರೆ ರೈಫಲ್‌ನ ಭಾರವನ್ನು ತೋಳಿನಲ್ಲಿ ಹೊರಲು ಆಗದವರ ವಿಭಾಗ. "ಕೈಗೇ ಶಕ್ತಿ ಇಲ್ಲ, ಬಂದೂಕು ಹೇಗೆ ಹಿಡಿಯಲಿ" ಅಂತ ಯಾರಾದರೂ ಕೇಳಿದರೆ ನಾನು ಅವರ ಹೆಸರು ಹೇಳುತ್ತೇನೆ.

ನೀವು ಯಾವ ವಿಭಾಗಕ್ಕೆ ಸೇರುತ್ತೀರಿ

ಮುಖ್ಯವಾಗಿ ಮೂರು ಗುಂಪು. ಬಂದೂಕಿನ ಭಾರವನ್ನು ನೀವೇ ಹೊರಬಲ್ಲಿರಾದರೆ ಎಸ್‌ಎಚ್1. ಕಾಲಿನ ತೊಂದರೆ ಇದ್ದವರು, ಬೆನ್ನುಹುರಿ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಇಲ್ಲದವರು, ಒಂದು ಕೈ ಇಲ್ಲದ ಪಿಸ್ತೂಲುಗಾರರು ಸಾಮಾನ್ಯವಾಗಿ ಇಲ್ಲಿಗೆ ಬರುತ್ತಾರೆ. ಇವರಿಗೆ ರೈಫಲ್ ಕೂಡ ಇದೆ, ಪಿಸ್ತೂಲು ಕೂಡ ಇದೆ. ಮನೀಶ್ ನರ್ವಾಲ್‌ಗೆ ಹುಟ್ಟಿನಿಂದ ಬಲಗೈ ತೊಂದರೆ. ಎಡಗೈಯಲ್ಲಿ ಪಿಸ್ತೂಲು ಹಿಡಿದು, ನಿಂತೇ ಹೊಡೆದು ಟೋಕಿಯೊದಲ್ಲಿ ಚಿನ್ನ ತಂದರು.

ತೋಳಿಗೆ ಭಾರ ಹೊರಲಾಗದಿದ್ದರೆ ಎಸ್‌ಎಚ್2. ಇಲ್ಲಿ ರೈಫಲ್ ಮಾತ್ರ. ಸ್ಪ್ರಿಂಗ್ ಇರುವ ಒಂದು ಸ್ಟ್ಯಾಂಡ್ ಮೇಲೆ ರೈಫಲ್ ಕೂರುತ್ತದೆ. ಸ್ಟ್ಯಾಂಡ್ ಭಾರ ಹೊರುತ್ತದೆ, ಆದರೆ ಗಟ್ಟಿಯಾಗಿ ಹಿಡಿದು ನಿಲ್ಲಿಸುವುದಿಲ್ಲ. ಸ್ಪ್ರಿಂಗ್ ಅಲ್ಲಾಡುತ್ತಲೇ ಇರುತ್ತದೆ, ಅದನ್ನು ಸುಮ್ಮನಾಗಿಸುವುದು ನಿಮ್ಮ ಕೆಲಸ. ಪೆಲೆಟ್ ತುಂಬಿಕೊಡಲು ಒಬ್ಬ ಸಹಾಯಕರು ಪಕ್ಕದಲ್ಲಿರಬಹುದು, ಅವರಿಗೆ ಲೋಡರ್ ಅನ್ನುತ್ತಾರೆ. ಅಣ್ಣ, ಹೆಂಡತಿ, ಗೆಳೆಯ, ಯಾರಾದರೂ ಆಗಬಹುದು. ಆದರೆ ಪಂದ್ಯ ನಡೆಯುವಾಗ "ಸ್ವಲ್ಪ ಕೆಳಗೆ ಹೋಯ್ತು ನೋಡು" ಅಂತ ಹೇಳುವ ಹಾಗಿಲ್ಲ. ಮನೆಯವರಿಗೆ ಈ ಬಾಯಿಮುಚ್ಚುವ ಅಭ್ಯಾಸ ಕಲಿಸುವುದೇ ಕಷ್ಟ.

ಮೂರನೆಯದು ದೃಷ್ಟಿದೋಷ ಇರುವವರದ್ದು. ಗುರಿಯನ್ನು ಕಿವಿಯಿಂದ ಹುಡುಕುತ್ತಾರೆ. ರೈಫಲ್‌ನ ತುದಿ ಟಾರ್ಗೆಟ್‌ನ ನಡುಮಧ್ಯಕ್ಕೆ ಹತ್ತಿರ ಹೋದಷ್ಟೂ ಹೆಡ್‌ಫೋನ್‌ನಲ್ಲಿ ಬರುವ ಸದ್ದಿನ ಶ್ರುತಿ ಏರುತ್ತದೆ. ವಿಶ್ವ ಮಟ್ಟದ ಪಂದ್ಯಗಳಿವೆ, ಪ್ಯಾರಿಸ್‌ವರೆಗೆ ಪ್ಯಾರಾಲಿಂಪಿಕ್ಸ್‌ನಲ್ಲಿ ಮಾತ್ರ ಜಾಗ ಸಿಕ್ಕಿರಲಿಲ್ಲ. ಕಿವಿ ಕೇಳಿಸದವರ ದಾರಿಯೇ ಬೇರೆ, ಅವರಿಗೆ ಡೆಫ್ಲಿಂಪಿಕ್ಸ್ ಇದೆ. ಹೈದರಾಬಾದಿನ ಧನುಷ್ ಶ್ರೀಕಾಂತ್ ಅಲ್ಲಿ ಏರ್ ರೈಫಲ್ ಚಿನ್ನ ಗೆದ್ದವರು.

ಎಸ್‌ಎಚ್1, ಎಸ್‌ಎಚ್2 ಒಳಗೆ ಮತ್ತೆ ಎ, ಬಿ, ಸಿ ಇವೆ. ಬೆನ್ನು ಮತ್ತು ಹೊಟ್ಟೆಯ ಸ್ನಾಯು ಎಷ್ಟು ಕೆಲಸ ಮಾಡುತ್ತವೆ ಅನ್ನುವುದರ ಮೇಲೆ ಇದು ನಿಲ್ಲುತ್ತದೆ. ನಿಮ್ಮ ಕುರ್ಚಿಗೆ ಒರಗು ಇರಬಹುದೇ, ಇದ್ದರೆ ಎಷ್ಟು ಎತ್ತರ ಅನ್ನುವುದು ಈ ಅಕ್ಷರದ ಮೇಲೆ ತೀರ್ಮಾನ ಆಗುತ್ತದೆ. ಹಾಗಾಗಿ ಕ್ಲಾಸಿಫಿಕೇಶನ್, ಅಂದರೆ ನಿಮ್ಮ ವಿಭಾಗದ ತೀರ್ಮಾನ, ಆಗುವ ಮುಂಚೆ ದುಬಾರಿ ಶೂಟಿಂಗ್ ಕುರ್ಚಿ ಮಾಡಿಸಬೇಡಿ.

ಇನ್ನೊಂದು ಗೊಂದಲ ಬಹಳ ಜನಕ್ಕೆ ಇದೆ. ಅಂಗವಿಕಲರಿಗೆ ಸರ್ಕಾರ ಕೊಡುವ ಯುಡಿಐಡಿ ಕಾರ್ಡಿನಲ್ಲಿ ಶೇಕಡಾ 40 ಅಂತಲೋ 75 ಅಂತಲೋ ಇರುತ್ತದಲ್ಲ, ಅದು ಸರ್ಕಾರಿ ಸೌಲಭ್ಯಕ್ಕೆ. ಕಾರ್ಡ್ ಬೇಕು, ಮೊದಲೇ ಮಾಡಿಸಿಕೊಳ್ಳಿ. ಆದರೆ ಆಟದಲ್ಲಿ ಆ ಶೇಕಡಾವಾರು ನೋಡುವುದಿಲ್ಲ. ಸ್ನಾಯುವಿನ ಬಲ, ಕೀಲು ಎಷ್ಟು ಮಡಚುತ್ತದೆ, ಅಂಗ ಎಷ್ಟಿದೆ, ಸಮತೋಲನ ಹೇಗಿದೆ ಅಂತ ಕ್ಲಾಸಿಫಿಕೇಶನ್ ಪ್ಯಾನೆಲ್‌ನವರು ಮುಟ್ಟಿ, ಎಳೆದು, ಬಾಗಿಸಿ ನೋಡುತ್ತಾರೆ. ಹಳೆಯ ಡಿಸ್ಚಾರ್ಜ್ ಸಮ್ಮರಿ, ಎಂಆರ್‌ಐ, ಎಕ್ಸ್‌ರೇ ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೊಳ್ಳಿ. ಆಗುವುದನ್ನು ಆಗುತ್ತದೆ ಅಂತಲೇ ತೋರಿಸಿ. ಇಲ್ಲದ ನಿತ್ರಾಣ ನಟಿಸಿದ್ದು ಗೊತ್ತಾದರೆ ಆಟದಿಂದಲೇ ಹೊರಗೆ ಹಾಕುತ್ತಾರೆ.

ರೇಂಜ್‌ಗೆ ಹೋಗುವ ಮುಂಚೆ ಒಂದು ಫೋನ್

ನನ್ನ ಮೊದಲ ಭೇಟಿ ಗೇಟಿನಲ್ಲೇ ಮುಗಿದಿತ್ತು. ಬಾಗಿಲಿಗೆ ನಾಲ್ಕು ಮೆಟ್ಟಿಲು. "ಎತ್ಕೊಂಡು ಬರ್ತೀವಿ ಬನ್ನಿ ಮೇಡಂ" ಅಂದರು. ತಮ್ಮ ಬೇಡ ಅಂದ. ಸರಿ, ವಾಪಸ್ ಬಂದೆವು. ವಾರಕ್ಕೆ ನಾಲ್ಕು ದಿನ ಹೋಗಬೇಕಾದ ಜಾಗಕ್ಕೆ ಯಾರೋ ಎತ್ತಿಕೊಂಡು ಹೋಗುವುದನ್ನು ನಂಬಿ ಹೋಗಬಾರದು.

ಹಾಗಾಗಿ ಮೊದಲೇ ಫೋನ್ ಮಾಡಿ ಕೇಳಿ. ರ‍್ಯಾಂಪ್ ಇದೆಯಾ? ಟಾಯ್ಲೆಟ್ ಬಾಗಿಲು ಎಷ್ಟು ಅಗಲ? "ಅಗಲ ಇದೆ" ಅನ್ನುವ ಉತ್ತರ ಬೇಡ, ಇಂಚಿನಲ್ಲಿ ಕೇಳಿ. ಗುಂಡು ಹಾರಿಸುವ ಲೇನ್‌ನಲ್ಲಿರುವ ಟೇಬಲ್ ಎತ್ತಬಹುದಾ, ಇಳಿಸಬಹುದಾ, ಪಕ್ಕಕ್ಕೆ ಸರಿಸಬಹುದಾ? ಟಾರ್ಗೆಟ್ ಎಲೆಕ್ಟ್ರಾನಿಕ್ಕಾ, ಪೇಪರ್ರಾ? ಪೇಪರ್ ಆದರೆ ಅದನ್ನು ಎಳೆದು ತರುವ ಸ್ವಿಚ್ ಕೂತವರ ಕೈಗೆ ಎಟುಕುತ್ತದಾ? ಕಲಿಯುವವರಿಗೆ ಕ್ಲಬ್ಬಿನ ಬಂದೂಕು ಕೊಡುತ್ತಾರಾ? ಕೊನೆಯ ಪ್ರಶ್ನೆಗೆ ಇಲ್ಲ ಅಂದರೆ ಬೇರೆ ರೇಂಜ್ ಹುಡುಕಿ.

ಪ್ಯಾರಾ ಶೂಟರ್‌ಗಳು ಈಗಾಗಲೇ ಅಭ್ಯಾಸ ಮಾಡುವ ರೇಂಜ್ ಸಿಕ್ಕಿದರೆ ಅರ್ಧ ತಲೆನೋವು ತಪ್ಪಿತು. ಸ್ವಲ್ಪ ದೂರವಾದರೂ ಮೊದಲು ಅಲ್ಲಿಗೇ ಒಮ್ಮೆ ಹೋಗಿ ನೋಡಿ ಬನ್ನಿ.

ಮೊದಲ ದಿನ ಬಂದೂಕು ಕೈಗೆ ಕೊಡುವ ಮುಂಚೆ ಸುರಕ್ಷತೆಯ ಪಾಠ ಆಗುತ್ತದೆ. ಆಗದಿದ್ದರೆ ಕೇಳಿ ಮಾಡಿಸಿಕೊಳ್ಳಿ. ನಳಿಕೆ ಯಾವಾಗಲೂ ಟಾರ್ಗೆಟ್ ಕಡೆ. ಹೊಡೆಯದೆ ಇದ್ದಾಗ ನಳಿಕೆಯೊಳಗೆ ಬಣ್ಣದ ಸೇಫ್ಟಿ ದಾರ. "ಸ್ಟಾಪ್" ಅಂದರೆ ಟ್ರಿಗರ್‌ನಿಂದ ಬೆರಳು ಆಚೆ. ವೀಲ್‌ಚೇರ್‌ನವರು ಒಂದು ವಿಷಯ ಜಾಸ್ತಿ ನೆನಪಿಡಬೇಕು. ಯಾರೋ ಕರೆದರು ಅಂತ ಕುರ್ಚಿ ತಿರುಗಿಸಿದರೆ ತೊಡೆಯ ಮೇಲಿನ ಬಂದೂಕೂ ತಿರುಗುತ್ತದೆ. ಮೊದಲು ಅದನ್ನು ಟೇಬಲ್ ಮೇಲೆ ಇಡಿ, ಆಮೇಲೆ ತಿರುಗಿ.

ಈಗ ಕುರ್ಚಿ

ನಾವು ಮನೆಯಲ್ಲಿ ಕೂರುವುದೇ ಬೇರೆ, ಗುರಿ ಹಿಡಿಯಲು ಕೂರುವುದೇ ಬೇರೆ. ಮನೆಯ ಕುರ್ಚಿ ಆರಾಮಕ್ಕೆ. ಜೋತುಬೀಳುವ ಬಟ್ಟೆ ಸೀಟು, ಮಡಚುವ ಫ್ರೇಮು, ಮೆತ್ತನೆ ದಿಂಬು, ಎಲ್ಲವೂ ಅಲ್ಲಾಡುತ್ತವೆ. ಮೊದಲ ತಿಂಗಳು ಇರುವ ಕುರ್ಚಿಯಲ್ಲೇ ಸಾಗಲಿ, ಆದರೆ ಇಷ್ಟು ಮಾಡಿ.

ಬ್ರೇಕ್ ಗಟ್ಟಿ ಹಾಕಿ, ಪಕ್ಕದವರಿಗೆ ಕುರ್ಚಿಯನ್ನು ಮೆಲ್ಲಗೆ ತಳ್ಳಲು ಹೇಳಿ. ಅಲ್ಲಾಡಿದರೆ ಟೈರಿನ ಗಾಳಿ ನೋಡಿ. ಗಾಳಿ ಕಮ್ಮಿ ಇದ್ದರೆ ಬ್ರೇಕ್ ಟೈರನ್ನು ಗಟ್ಟಿಯಾಗಿ ಹಿಡಿಯುವುದಿಲ್ಲ. ಪಾದ ಪೂರ್ತಿ ಫುಟ್‌ರೆಸ್ಟ್ ಮೇಲೆ ಕೂರಬೇಕು, ನೇತಾಡಬಾರದು. ಸೀಟಿನ ಬಟ್ಟೆ ಜೋತುಬಿದ್ದಿದ್ದರೆ ದಿಂಬಿನ ಕೆಳಗೆ ಅಳತೆಗೆ ಕತ್ತರಿಸಿದ ಪ್ಲೈವುಡ್ ಹಲಗೆ ಇಡಿ. ನಾನು ಮರದಂಗಡಿಯ ತುಂಡಿನಲ್ಲೇ ಮಾಡಿಕೊಂಡಿದ್ದು, ಒಂದು ವರ್ಷ ಅದೇ ನಡೆಯಿತು. ಇದು ಅಭ್ಯಾಸಕ್ಕೆ. ಪಂದ್ಯದ ಹೊತ್ತಿಗೆ ಸೀಟು, ದಿಂಬು, ಒರಗು ಎಲ್ಲ ನಿಯಮಕ್ಕೆ ಹೊಂದಬೇಕು. ಬಂದೂಕಿನ ಹಾಗೆ ಕುರ್ಚಿಯನ್ನೂ ತಪಾಸಣೆ ಮಾಡುತ್ತಾರೆ. ನಿಮ್ಮ ಕ್ಲಾಸಿಫಿಕೇಶನ್‌ನಲ್ಲಿ ಇಲ್ಲದ ಆಸರೆ ಯಾವುದೂ ನಡೆಯುವುದಿಲ್ಲ.

ಆಮೇಲೆ ಸಮತೋಲನ. ಬಂದೂಕಿಲ್ಲದೆ, ಒರಗಿಗೆ ತಾಗದೆ ಕೂತು, ಎರಡೂ ಕೈ ಮುಂದೆ ಚಾಚಿ ಕಣ್ಣು ಮುಚ್ಚಿ. ಹತ್ತು ಎಣಿಸಿ. ದೇಹ ಯಾವ ಕಡೆ ವಾಲುತ್ತದೆ ಅಂತ ಗೊತ್ತಾಗುತ್ತದೆ. ಪಕ್ಕದಲ್ಲಿ ಒಬ್ಬರು ನಿಂತಿರಲಿ, ನಾನು ಮೊದಲ ಸಲ ಮುಗ್ಗರಿಸಿದ್ದೆ. ಆಮೇಲೆ ರೈಫಲ್ ಹಿಡಿದು, ವಾಲುವ ಕಡೆಗೆ ಕುರ್ಚಿಯನ್ನು ಸ್ವಲ್ಪ ಓರೆ ಮಾಡುತ್ತಾ ಹೋಗಿ. ರೈಫಲ್ ತಾನಾಗಿಯೇ ಟಾರ್ಗೆಟ್ ಕಡೆ ಮುಖ ಮಾಡುವ ಒಂದು ಕೋನ ಸಿಗುತ್ತದೆ. ತೋಳಿನಿಂದ ಬಂದೂಕನ್ನು ಎಳೆದು ತರಬೇಡಿ, ಕುರ್ಚಿ ತಿರುಗಿಸಿ. ಕೋನ ಸಿಕ್ಕಿದ ಮೇಲೆ ನೆಲದ ಮೇಲೆ ಚಕ್ರದ ಜಾಗಕ್ಕೆ ಟೇಪ್ ಅಂಟಿಸಿ. ನಾಳೆ ಬಂದಾಗ ಅದೇ ಗುರುತಿಗೆ ಚಕ್ರ ನಿಲ್ಲಿಸಿ.

ಕೂತು ಹೊಡೆದರೂ ಸ್ಪರ್ಧೆಯ ಹೆಸರು "ಸ್ಟ್ಯಾಂಡಿಂಗ್" ಅಂತ ಇರುತ್ತದೆ, ಗಾಬರಿಯಾಗಬೇಡಿ. ಸ್ಟ್ಯಾಂಡಿಂಗ್ ಅಂದರೆ ಮೊಣಕೈಗೆ ಆಸರೆ ಇಲ್ಲ ಅಂತ ಅರ್ಥ. "ಪ್ರೋನ್" ಅಂದರೆ ಕುರ್ಚಿಗೆ ಜೋಡಿಸಿದ ಟೇಬಲ್ ಮೇಲೆ ಎರಡೂ ಮೊಣಕೈ ಊರಬಹುದು. ಕಾಲಿನ ತೊಂದರೆ ಇದ್ದೂ ನಿಲ್ಲಬಲ್ಲವರು ನಿಂತೇ ಹೊಡೆಯಬಹುದು, ಸ್ಟೂಲ್ ಮೇಲೆ ಕೂತೂ ಹೊಡೆಯಬಹುದು.

ಚರ್ಮ, ನೀರು, ಮಾತ್ರೆ

ಗಾಳಿ ದಿಂಬು ಬಿಟ್ಟು ಗಟ್ಟಿ ಫೋಮ್‌ಗೆ ಬಂದ ಮೇಲೆ ನನ್ನ ಪೆಲೆಟ್‌ಗಳು ಒಂದೇ ಕಡೆ ಗುಂಪಾಗಿ ಬೀಳತೊಡಗಿದವು. ಖುಷಿಗೆ ಎರಡೂವರೆ ಗಂಟೆ ಅಲ್ಲಾಡದೆ ಕೂತೆ. ರಾತ್ರಿ ಅಮ್ಮ ನೋಡಿದಾಗ ಸೊಂಟದ ಕೆಳಗೆ ನಾಲ್ಕಾಣೆ ಅಗಲದ ಕೆಂಪು ಗುರುತು. ಒತ್ತಿದರೂ ಬೆಳ್ಳಗಾಗಲಿಲ್ಲ. ಐದು ವಾರ ಮಗ್ಗುಲಲ್ಲಿ ಮಲಗಿಯೇ ಕಳೆದೆ. ಸ್ಪರ್ಶ ಇಲ್ಲದ ಕಡೆ ಹುಣ್ಣು ಆಗುವುದು ನಮಗೆ ತಿಳಿಯುವುದೇ ಇಲ್ಲ.

ಆದ್ದರಿಂದ ಗಟ್ಟಿ ದಿಂಬು ಶೂಟಿಂಗ್‌ಗೆ ಮಾತ್ರ. ಮುಗಿದ ತಕ್ಷಣ ನಿಮ್ಮ ಮಾಮೂಲಿ ದಿಂಬಿಗೆ ವಾಪಸ್. ಇಪ್ಪತ್ತು ನಿಮಿಷಕ್ಕೊಮ್ಮೆ ಬಂದೂಕು ಕೆಳಗಿಟ್ಟು, ಕೈಯೂರಿ ಮೈ ಎತ್ತಿ, ಅಥವಾ ಮುಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ. ಪಂದ್ಯದಲ್ಲೂ ಇದಕ್ಕೆ ಸಮಯ ಸಿಗುತ್ತದೆ. ಎಸ್‌ಎಚ್1 ಏರ್ ರೈಫಲ್ ಸ್ಟ್ಯಾಂಡಿಂಗ್‌ನಲ್ಲಿ 60 ಹೊಡೆತಕ್ಕೆ ಎಲೆಕ್ಟ್ರಾನಿಕ್ ಟಾರ್ಗೆಟ್‌ನಲ್ಲಿ 75 ನಿಮಿಷ. ಒಂದು ಹೊಡೆತಕ್ಕೆ 45 ಸೆಕೆಂಡ್ ಇಟ್ಟುಕೊಂಡರೂ ಅರ್ಧ ಗಂಟೆ ಉಳಿಯಿತು. ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳುವುದು ಅಭ್ಯಾಸದ ಭಾಗ ಅಂತಲೇ ಇಟ್ಟುಕೊಳ್ಳಿ.

ಶೂಟಿಂಗ್ ಜಾಕೆಟ್ ದಪ್ಪ ಕ್ಯಾನ್ವಾಸ್, ಗೋಣಿಚೀಲಕ್ಕಿಂತ ಬಿಗಿ. ಬೆನ್ನುಹುರಿಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಬೆವರುವುದೇ ಕಮ್ಮಿ, ಮೈ ತಣ್ಣಗಾಗುವುದಿಲ್ಲ. ಏಪ್ರಿಲ್‌ನ ಶೆಡ್ಡಿನೊಳಗೆ ಒದ್ದೆ ಬಟ್ಟೆ, ನೀರು ಚಿಮುಕಿಸುವ ಬಾಟಲಿ ಹತ್ತಿರ ಇರಲಿ. ಟಾಯ್ಲೆಟ್‌ಗೆ ಹೋಗುವುದು ಕಷ್ಟ ಅಂತ ನೀರು ಕುಡಿಯದೆ ಕೂರುವವರು ನಮ್ಮಲ್ಲಿ ಜಾಸ್ತಿ. ಅದು ಬೇಡ. ಯೂರಿನ್ ಬ್ಯಾಗ್ ಇದ್ದರೆ ಜಾಕೆಟ್ ಹಾಕುವ ಮುಂಚೆ ಖಾಲಿ ಮಾಡಿ, ಪೈಪು ಮಡಚಿಕೊಂಡಿಲ್ಲ ಅಂತ ನೋಡಿ. ಬೆನ್ನುಹುರಿಗೆ ಟಿ6 (ಎದೆಯ ಹಿಂದಿನ ಆರನೇ ಬೆನ್ನುಮೂಳೆ) ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಇದು ತಮಾಷೆಯ ವಿಷಯ ಅಲ್ಲ. ಮೂತ್ರಕೋಶ ತುಂಬಿದರೆ, ಏನಾದರೂ ಬಿಗಿಯಾಗಿ ಒತ್ತಿದರೆ ಬಿಪಿ ಇದ್ದಕ್ಕಿದ್ದಂತೆ ಏರಬಹುದು. ತಲೆ ಸಿಡಿಯುವಂಥ ನೋವು, ಮುಖ ಕೆಂಪಾಗುವುದು ಕಂಡರೆ ಬಂದೂಕು ಕೆಳಗಿಟ್ಟು, ನೆಟ್ಟಗೆ ಕೂತು, ಜಾಕೆಟ್ ಬಿಚ್ಚಿ, ಕಾರಣ ಹುಡುಕಿ. ಇಳಿಯದಿದ್ದರೆ ಆಸ್ಪತ್ರೆಗೆ ಹೋಗಿ.

ಮಾತ್ರೆಯ ಮಾತು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ಬಿಪಿಗೆ, ಎದೆಬಡಿತಕ್ಕೆ, ಮೈಗ್ರೇನ್‌ಗೆ ಕೊಡುವ ಪ್ರೊಪ್ರನಲಾಲ್, ಅಟೆನಲಾಲ್ ಥರದ ಬೀಟಾ ಬ್ಲಾಕರ್‌ಗಳು ಶೂಟಿಂಗ್‌ನಲ್ಲಿ ಪೂರ್ತಿ ನಿಷೇಧ, ಪಂದ್ಯ ಇದ್ದರೂ ಇಲ್ಲದಿದ್ದರೂ. ಎದೆಬಡಿತ ನಿಧಾನವಾದರೆ, ಕೈನಡುಕ ಕಮ್ಮಿಯಾದರೆ ಗುರಿಗೆ ಲಾಭ ಅಲ್ವಾ, ಅದಕ್ಕೇ. ಮೂತ್ರ ಜಾಸ್ತಿ ಮಾಡಿಸುವ ಬಿಪಿ ಮಾತ್ರೆಗಳಲ್ಲಿ ಹಲವು ಎಲ್ಲ ಆಟಗಳಲ್ಲೂ ನಿಷೇಧ. ನಿಮ್ಮ ಮಾತ್ರೆಗಳ ಹೆಸರನ್ನು ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ ನಾಡಾದ "ನೋ ಯುವರ್ ಮೆಡಿಸಿನ್" ಆ್ಯಪ್‌ನಲ್ಲಿ ಹಾಕಿ ನೋಡಿ. ಪಟ್ಟಿಯಲ್ಲಿದ್ದರೆ ನೀವಾಗಿಯೇ ನಿಲ್ಲಿಸಬೇಡಿ. ಡಾಕ್ಟರಿಗೆ "ನಾನು ಶೂಟರ್" ಅಂತ ಹೇಳಿ ಬದಲಿ ಕೇಳಿ. ಬದಲಿ ಇಲ್ಲದಿದ್ದರೆ ಚಿಕಿತ್ಸೆಗಾಗಿ ಅನುಮತಿ ಕೇಳುವ ಅರ್ಜಿ ಇದೆ. ಸಿಗುತ್ತದೆ ಅಂತ ಖಾತ್ರಿ ಇಲ್ಲ, ಹಾಗಾಗಿ ಪಂದ್ಯಕ್ಕೆ ತಿಂಗಳುಗಟ್ಟಲೆ ಮುಂಚೆಯೇ ಶುರು ಮಾಡಿ.

ಮೊದಲ ಎರಡು ತಿಂಗಳ ಅಭ್ಯಾಸ

ಮೊದಲ ಎರಡು ವಾರ ಪೆಲೆಟ್ ಕಮ್ಮಿ, ಹಿಡಿತ ಜಾಸ್ತಿ. ಬಂದೂಕು ಎತ್ತಿ, ಗುರಿ ಹಿಡಿದು, ಎಂಟು ಹತ್ತು ಸೆಕೆಂಡ್ ನಿಲ್ಲಿಸಿ ಇಳಿಸಿ. ಹೊಡೆಯಬೇಡಿ. ಏರ್ ರೈಫಲ್‌ನ ಮಿತಿ 5.5 ಕೆಜಿ, ಕಲಿಯುವಾಗ ಹಗುರವಾಗಿದ್ದಷ್ಟೂ ಒಳ್ಳೆಯದು. ಬೆನ್ನಿನ ಸ್ನಾಯು ಅರ್ಧ ಮಾತ್ರ ಕೆಲಸ ಮಾಡುವವರಿಗೆ ಭುಜಕ್ಕೆ ಬಹಳ ಬೇಗ ಆಯಾಸ ಆಗುತ್ತದೆ. ಅದೇ ಭುಜದಿಂದಲೇ ಚಕ್ರ ತಳ್ಳಬೇಕು, ಹಾಸಿಗೆಗೆ ಹತ್ತಬೇಕು. ನೋವು ಬಂದ ದಿನ ನಿಲ್ಲಿಸಿ.

ಮನೆಯಲ್ಲಿ ಮಾಡಬಹುದಾದ ಒಂದು ಅಭ್ಯಾಸ ನನಗೆ ಬಹಳ ಇಷ್ಟ. ಪೆಲೆಟ್ ಇಲ್ಲದ ಬಂದೂಕು, ಮುಂದೆ ಸುಮ್ನೆ ಬಿಳಿ ಗೋಡೆ. ಬಂದೂಕು ಖಾಲಿ ಅಂತ ಎರಡು ಸಲ ನೋಡಿಕೊಳ್ಳಿ. ಗೋಡೆಯಲ್ಲಿ ಚುಕ್ಕೆ ಇಲ್ಲದಿರುವುದರಿಂದ ಕಣ್ಣಿಗೆ ಓಡಿಹೋಗಲು ಜಾಗವೇ ಇಲ್ಲ. ಗಮನ ಪೂರ್ತಿ ಬೆರಳಿಗೆ ಬರುತ್ತದೆ. ಟ್ರಿಗರ್ ಬಿಡುವ ಗಳಿಗೆಯಲ್ಲಿ ಮುಂದಿನ ಸೈಟ್ ಕುಣಿಯಿತಾ, ಸುಮ್ಮನಿತ್ತಾ, ಅಷ್ಟೇ ನೋಡಿ. ಬಿಟ್ಟ ಮೇಲೂ ಎರಡು ಸೆಕೆಂಡ್ ಹಾಗೇ ಹಿಡಿದಿರಿ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಕಾಲು ಅದುರುವವರು ಅದುರಾಟ ನಿಲ್ಲುವವರೆಗೆ ಕಾಯಿರಿ, ಅದರ ಜೊತೆ ಜಗಳ ಬೇಡ.

ಅಂಕದ ಬದಲು ಗುಂಪು ನೋಡಿ. ಹತ್ತು ಪೆಲೆಟ್ ಏಳರ ಹತ್ತಿರ ಒಂದೇ ಕಡೆ ಬಿದ್ದಿದ್ದರೆ ಸಂತೋಷಪಡಿ, ಸೈಟ್ ತಿರುಗಿಸಿದರೆ ಅದು ಹತ್ತಕ್ಕೆ ಬರುತ್ತದೆ. ಎರಡು ಹತ್ತು, ಒಂದು ಆರು, ಒಂದು ಎಂಟು ಅಂತ ಚದುರಿದ್ದರೆ ಕುರ್ಚಿಯ ಕಡೆ ನೋಡಿ.

ಬಂದೂಕು, ಕೊನೆಗೂ

ಆರು ತಿಂಗಳು ಕ್ಲಬ್ಬಿನದೇ ಸಾಕು. ವಾಲ್ತರ್, ಫೈನ್‌ವೆರ್ಕ್‌ಬಾವ್, ಪಿಸ್ತೂಲಿನಲ್ಲಿ ಮೊರಿನಿ, ಇವೆಲ್ಲ ಲಕ್ಷಗಟ್ಟಲೆ ಬೆಲೆಯವು. ನಮ್ಮ ದೇಶದಲ್ಲೇ ತಯಾರಾಗುವ ಪ್ರೆಸಿಹೋಲ್ ಥರದವು ಕಲಿಕೆಗೆ ಸಾಕಷ್ಟು ಕಮ್ಮಿಗೆ ಸಿಗುತ್ತವೆ. 4.5 ಮಿಲಿಮೀಟರ್ ಬೋರ್ (ನಳಿಕೆಯ ಒಳಗಿನ ಅಗಲ), 20 ಜೂಲ್ ಮೀರದ ಶಕ್ತಿ ಇರುವ ಏರ್ ಗನ್‌ಗೆ ಲೈಸೆನ್ಸ್ ಬೇಡ. ಅಂಗಡಿಯವರು ಗುರುತಿನ ಚೀಟಿ ಕೇಳುತ್ತಾರೆ, ಬಿಲ್ ಜೋಪಾನ ಮಾಡಿ. 25 ಮತ್ತು 50 ಮೀಟರ್‌ನ .22 ಬಂದೂಕುಗಳಿಗೆ ಲೈಸೆನ್ಸ್ ಬೇಕೇ ಬೇಕು. ಸೆಕೆಂಡ್ ಹ್ಯಾಂಡ್ ತಗೊಂಡರೆ ಗಾಳಿ ಸಿಲಿಂಡರ್ ಮೇಲೆ ಮುದ್ರಿಸಿದ ತಾರೀಕು ಓದಿ. ಅವಧಿ ಮುಗಿದ ಸಿಲಿಂಡರ್‌ಗೆ 200 ಬಾರ್ ಗಾಳಿ ತುಂಬಿ ಕೆನ್ನೆ ಪಕ್ಕ ಇಟ್ಟುಕೊಳ್ಳುವ ಧೈರ್ಯ ಬೇಡ.

ಪಂದ್ಯಕ್ಕೆ

ಮೊದಲು ಕ್ಲಬ್ಬಿನ ಒಳಗಿನ ಪಂದ್ಯ, ಆಮೇಲೆ ರಾಜ್ಯದ್ದು, ಆಮೇಲೆ ರಾಷ್ಟ್ರೀಯ ಪ್ಯಾರಾ ಚಾಂಪಿಯನ್‌ಶಿಪ್. ರಾಜ್ಯದ ಪ್ಯಾರಾ ಸಂಸ್ಥೆಯ ಮೂಲಕ ಭಾರತೀಯ ಪ್ಯಾರಾಲಿಂಪಿಕ್ ಸಮಿತಿಯ ದಾರಿ ಹಿಡಿಯಬೇಕು. 2023ರಲ್ಲಿ ಶುರುವಾದ ಖೇಲೋ ಇಂಡಿಯಾ ಪ್ಯಾರಾ ಗೇಮ್ಸ್‌ನಲ್ಲೂ ಶೂಟಿಂಗ್ ಇದೆ, ನಡೆದಿದ್ದು ದೆಹಲಿಯ ಕರ್ಣಿ ಸಿಂಗ್ ರೇಂಜ್‌ನಲ್ಲಿ.

ಮೊದಲ ಪಂದ್ಯದ ಹಿಂದಿನ ದಿನವೇ ರೇಂಜ್‌ಗೆ ಹೋಗಿ. ಕೈಯಲ್ಲಿ ಅಳತೆ ಟೇಪ್ ಇರಲಿ. ನಿಮ್ಮ ಲೇನ್‌ನ ಟೇಬಲ್ ಕೆಳಗೆ ಮೊಣಕಾಲು ಹೋಗುತ್ತದಾ, ಪಕ್ಕದವರ ಕುರ್ಚಿಗೂ ನಿಮ್ಮದಕ್ಕೂ ಜಾಗ ಇದೆಯಾ, ನೆಲ ಇಳಿಜಾರಾಗಿದೆಯಾ ನೋಡಿ. ನೆಲದ ಮೇಲೆ ಒಂದು ಪೆಲೆಟ್ ಇಟ್ಟು ಬಿಡಿ, ಉರುಳಿದರೆ ಇಳಿಜಾರು ಯಾವ ಕಡೆಗೆ ಅಂತ ಗೊತ್ತಾಗುತ್ತದೆ. ತೊಂದರೆ ಕಂಡರೆ ಅವತ್ತೇ ಅಧಿಕಾರಿಗೆ ಹೇಳಿ. ಪಂದ್ಯದ ದಿನ ಬೆಳಿಗ್ಗೆ ಹೇಳಿದರೆ ಅವರಿಗೂ ಏನೂ ಮಾಡಲಾಗುವುದಿಲ್ಲ.

ಬ್ಯಾಗಿನಲ್ಲಿ ಯುಡಿಐಡಿ ಕಾರ್ಡ್, ಆಧಾರ್, ಕ್ಲಾಸಿಫಿಕೇಶನ್ ಪತ್ರ, ಬಂದೂಕಿನ ಬಿಲ್, ಟೈರಿನ ಪಂಪ್, ನೆಲಕ್ಕೆ ಅಂಟಿಸುವ ಟೇಪ್. ಎರಡು ದಿಂಬು.